ಬರೆ ಕುಸಿಯುವ ಮುನ್ನವೇ ದಾಖಲಾಗಲಿ: ಕೊಡಗಿನ ರಸ್ತೆ, ಮೋರಿ, ಕಂಬಗಳ ದೂರನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವ ಬಗೆ

ಮುಂಗಾರು ಹಿಡಿದ ಮೊದಲ ವಾರದಲ್ಲಿ ಕೊಡಗಿನ ಯಾವ ಊರಿನ ವಾಟ್ಸ್‌ಆ್ಯಪ್ ಗುಂಪನ್ನು ತೆರೆದರೂ ಒಂದೇ ಬಗೆಯ ಚಿತ್ರಗಳು ಕಾಣುತ್ತವೆ: ರಸ್ತೆಯ ಮೇಲೆ ಹರಿಯುವ ಕೆಂಪು ನೀರು, ವಿದ್ಯುತ್ ತಂತಿಯ ಮೇಲೆ ಒರಗಿದ ಸಿಲ್ವರ್ ಮರ, ಅರ್ಧ ಜಾರಿದ ಬರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬ), ಚಿತ್ರದ ಕೆಳಗೆ ‘ಇದನ್ನೆಲ್ಲ ಕೇಳುವವರು ಯಾರು?’ ಎಂಬ ಪ್ರಶ್ನೆ. ನೂರಾರು ಜನ ನೋಡುತ್ತಾರೆ, ಹತ್ತಾರು ಜನ ಕೋಪದ ಮುಖದ ಗುರುತು ಹಾಕುತ್ತಾರೆ, ಎರಡು ದಿನ ಕಳೆಯುವಷ್ಟರಲ್ಲಿ ಆ ಚಿತ್ರ ಕಾಫಿ ಮತ್ತು ಕರಿಮೆಣಸಿನ ದರದ ಸಂದೇಶಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಅದೇ ಚಿತ್ರವನ್ನು ಇನ್ನೊಂದು ಅರ್ಧ ಗಂಟೆ ವ್ಯಯಿಸಿ ಸರ್ಕಾರದ ದೂರು ವ್ಯವಸ್ಥೆಗೆ ಸೇರಿಸಿದ್ದರೆ ಅದಕ್ಕೊಂದು ಸಂಖ್ಯೆ, ಒಂದು ದಿನಾಂಕ, ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ ಇರುತ್ತಿದ್ದರು.

ಆನ್‌ಲೈನ್ ದೂರು ಕೊಟ್ಟ ಮಾತ್ರಕ್ಕೆ ಕೆಲಸ ಆಗಿಯೇ ತೀರುತ್ತದೆ ಎಂದು ನಾನು ಹೇಳಲಾರೆ. ಖಚಿತವಾಗಿ ಆಗುವುದು ಇಷ್ಟು: ‘ವಿಷಯ ನಮ್ಮ ಗಮನಕ್ಕೆ ಬಂದಿರಲಿಲ್ಲ’ ಎಂಬ ಉತ್ತರಕ್ಕೆ ಆಮೇಲೆ ಎಡೆ ಇರುವುದಿಲ್ಲ. ಮಳೆಗಾಲದಲ್ಲಿ ರಸ್ತೆ ಕುಸಿದಾಗ ‘ಪ್ರಕೃತಿ ವಿಕೋಪ’ ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಮುಗಿದುಹೋಗುವ ನಮ್ಮ ಜಿಲ್ಲೆಯಲ್ಲಿ, ಮಾರ್ಚ್ ತಿಂಗಳಲ್ಲೇ ಸಲ್ಲಿಸಿದ ದೂರಿನ ಒಂದು ಪ್ರತಿ ಕೈಯಲ್ಲಿರುವುದಕ್ಕೆ ಬೇರೆಯದೇ ತೂಕವಿದೆ. ಆದ್ದರಿಂದ ದೂರನ್ನು ಕೂಗು ಎಂದು ತಿಳಿಯದೆ ದಾಖಲೆ ಎಂದು ತಿಳಿದು ಸಿದ್ಧಪಡಿಸಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ.

ಮೊದಲು ಗುಂಡಿಯನ್ನು ಬಿಟ್ಟು ನೀರನ್ನು ನೋಡಿ

ನನ್ನ ಮೊದಲ ದೂರು ಒಂದು ಗುಂಡಿಯ ಬಗ್ಗೆ ಇತ್ತು. ನಮ್ಮ ಮನೆಯ ದಾರಿ ಮುಖ್ಯ ರಸ್ತೆಗೆ ಸೇರುವ ತಿರುವಿನಲ್ಲಿ ಆಗಸ್ಟ್ ತಿಂಗಳಲ್ಲಿ ಗುಂಡಿ ಬಿದ್ದಿತ್ತು; ನಾನು ಚಿತ್ರ ತೆಗೆದು ದೂರು ಸಲ್ಲಿಸಿದೆ, ಯಾರೋ ಬಂದು ಒಂದು ಗಾಡಿ ಜಲ್ಲಿ ಸುರಿದು ಹೋದರು, ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಸಂದೇಶದೊಂದಿಗೆ ದೂರು ಮುಕ್ತಾಯವಾಯಿತು, ವಾರದೊಳಗೆ ಜಲ್ಲಿಯೆಲ್ಲ ಕೆಳಗಿನ ಗದ್ದೆಗೆ ಹೋಯಿತು. ಅಧಿಕಾರಿ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದನ್ನೇ ಮಾಡಿದ್ದರು. ತಪ್ಪು ನನ್ನ ದೂರಿನಲ್ಲಿತ್ತು. ಛತ್ರಿ ಹಿಡಿದು ಮಳೆಯಲ್ಲಿ ನಿಂತು ನೀರು ಬರುವ ದಾರಿಯನ್ನು ಮೇಲಕ್ಕೆ ಹುಡುಕಿಕೊಂಡು ಹೋದಾಗ ತಿಳಿದದ್ದೇನೆಂದರೆ, ನಲವತ್ತು ಮೀಟರ್ ಮೇಲೆ, ರಸ್ತೆಯಡಿಯಲ್ಲಿ ನೀರು ದಾಟಿಸುವ ಮೋರಿಯ ಬಾಯಿ ಮಣ್ಣು ಮತ್ತು ಕೊಂಬೆಗಳಿಂದ ಮುಚ್ಚಿಹೋಗಿ, ಚರಂಡಿಯಲ್ಲಿ ಹೋಗಬೇಕಾದ ನೀರೆಲ್ಲ ಡಾಂಬರಿನ ಮೇಲೆ ಹರಿಯುತ್ತಿತ್ತು.

ಕೊಡಗಿನ ರಸ್ತೆಗಳನ್ನು ಹಾಳುಮಾಡುವುದು ವಾಹನಗಳಿಗಿಂತ ಹೆಚ್ಚಾಗಿ ನೀರು. ಹೂಳು ತುಂಬಿದ ಚರಂಡಿ, ಬಾಯಿ ಮುಚ್ಚಿದ ಮೋರಿ, ತೋಡಿನ ನೀರಿಗೆ ಸಾಲದ ಸಣ್ಣ ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ), ತೋಟಕ್ಕೋ ಮನೆಗೋ ಹೋಂಸ್ಟೇಗೋ ದಾರಿ ಮಾಡಿಕೊಳ್ಳಲು ಪೈಪ್ ಹಾಕದೆ ಚರಂಡಿಗೆ ಮಣ್ಣು ತುಂಬಿದ ಜಾಗ, ಜೆಸಿಬಿಯಿಂದ ನೆಟ್ಟಗೆ ಕಡಿದ ಬರೆ — ದೂರಿನ ನಿಜವಾದ ವಿಷಯ ಸಾಮಾನ್ಯವಾಗಿ ಇವುಗಳಲ್ಲಿ ಒಂದಾಗಿರುತ್ತದೆ. ಇವುಗಳಲ್ಲಿ ಕೆಲವು ಸರ್ಕಾರದ ಲೋಪವಾಗಿರದೆ ನಮ್ಮದೇ ನೆರೆಹೊರೆಯವರ ಲೋಪವೂ ಆಗಿರುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು; ನಮ್ಮ ಗೇಟಿನ ಮುಂದಿನ ಚರಂಡಿಯನ್ನು ನೋಡಿಕೊಂಡು ಆಮೇಲೆ ಮೊಬೈಲ್ ತೆಗೆಯುವುದು ಒಳ್ಳೆಯದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು, ಹಟ್ಟಿಹೊಳೆ ಕಡೆಗಳಲ್ಲಿ ಗುಡ್ಡಗಳು ಕುಸಿದ ಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು, ಅತಿಯಾದ ಮಳೆಯ ಜತೆಗೆ ಸಹಜ ಇಳಿಜಾರನ್ನು ಕಡಿದದ್ದನ್ನೂ ನೀರಿನ ಸಹಜ ಹಾದಿಗಳಿಗೆ ಅಡ್ಡಿಯಾದದ್ದನ್ನೂ ಕಾರಣಗಳಾಗಿ ಗುರುತಿಸಿದ್ದರು. ರಸ್ತೆಯ ಅಂಚಿನಲ್ಲಿ ಉದ್ದಕ್ಕೆ ಮೂಡಿದ ಬಿರುಕು, ಒಂದೇ ದಿಕ್ಕಿಗೆ ವಾಲಿದ ಮರ ಅಥವಾ ಕಂಬ, ಬರೆಯ ಬುಡದಲ್ಲಿ ಹೊಸದಾಗಿ ಒಸರುವ ಕೆಸರುನೀರು, ಉಬ್ಬಿದ ತಡೆಗೋಡೆ, ಇವುಗಳನ್ನು ಕಂಡಾಗ ಗುಂಡಿಯ ದೂರಿನಂತೆ ನಿಧಾನಿಸಬಾರದು. ಆಗ ಆ್ಯಪ್‌ನ ಮಾತೇ ಬೇಡ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ, ಮೇಲೆ ಕೆಳಗೆ ಇರುವ ಮನೆಯವರಿಗೆ ತಿಳಿಸಿ, ಬರಹದ ದೂರನ್ನು ಅದಾದ ಮೇಲೆ ಸಲ್ಲಿಸಬೇಕು.

ರಸ್ತೆ ಯಾರದು?

ಬ್ರಿಟನ್ನಿನಲ್ಲಿ 2007ರಲ್ಲಿ ಮೈಸೊಸೈಟಿ ಎಂಬ ಸಂಸ್ಥೆ ಆರಂಭಿಸಿದ ಫಿಕ್ಸ್‌ಮೈಸ್ಟ್ರೀಟ್ ಎಂಬ ಜಾಲತಾಣದಲ್ಲಿ ನಾಗರಿಕರು ನಕ್ಷೆಯ ಮೇಲೆ ಸಮಸ್ಯೆಯ ಜಾಗವನ್ನು ಗುರುತು ಮಾಡಿದರೆ ಸಾಕು. ಅದು ಯಾವ ಸ್ಥಳೀಯ ಸಂಸ್ಥೆಗೆ ಹೋಗಬೇಕೆಂಬುದನ್ನು ಆ ವ್ಯವಸ್ಥೆಯೇ ನಿರ್ಧರಿಸಿ ಕಳುಹಿಸುತ್ತದೆ, ಮತ್ತು ದೂರು ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ನಮ್ಮಲ್ಲಿ ಇಲಾಖೆಯನ್ನು ಆರಿಸುವ ಹೊಣೆ ದೂರುದಾರರ ಮೇಲೆಯೇ ಇದೆ. ತಪ್ಪು ಇಲಾಖೆಯನ್ನು ಆರಿಸಿದರೆ ‘ಈ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನೊಂದಿಗೆ ದೂರು ಮುಗಿದುಹೋಗುವ ಸಂಭವ ಹೆಚ್ಚು. ಹೀಗಾಗಿ ಅರ್ಧ ಗಂಟೆಯ ಕೆಲಸದಲ್ಲಿ ಇಪ್ಪತ್ತು ನಿಮಿಷವನ್ನು ಇದಕ್ಕೇ ಮೀಸಲಿಡುವುದು ಲೇಸು.

ಕುಶಾಲನಗರದಿಂದ ಸುಂಟಿಕೊಪ್ಪ, ಮಡಿಕೇರಿ, ಸಂಪಾಜೆಯ ಮೂಲಕ ಮಂಗಳೂರಿನ ಕಡೆಗೆ ಇಳಿಯುವ ರಸ್ತೆ ರಾಷ್ಟ್ರೀಯ ಹೆದ್ದಾರಿ 275. ಅದರ ಹೊಣೆ ರಾಷ್ಟ್ರೀಯ ಹೆದ್ದಾರಿಯನ್ನು ನೋಡಿಕೊಳ್ಳುವ ವಿಭಾಗದ್ದೇ ಹೊರತು ಪಂಚಾಯಿತಿಯದಲ್ಲ. ರಾಜ್ಯ ಹೆದ್ದಾರಿಗಳು ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ಅಥವಾ ಗ್ರಾಮ ಪಂಚಾಯಿತಿ ನೋಡಿಕೊಳ್ಳುತ್ತದೆ. ಗುರುತಿಸಲು ಒಂದು ಹಳೆಯ ಉಪಾಯ ಕಿಲೋಮೀಟರ್ ಕಲ್ಲು: ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾಗಿದ್ದರೆ ಗ್ರಾಮೀಣ ರಸ್ತೆ. ಕಾಡುಬಳ್ಳಿ ಹಬ್ಬಿ ಕಲ್ಲೇ ಕಾಣದಿರುವುದು ನಮ್ಮ ಕಡೆ ಸಾಮಾನ್ಯವಾದ್ದರಿಂದ ಕತ್ತಿಯೊಂದನ್ನು ಜತೆಗೆ ಇಟ್ಟುಕೊಂಡರೆ ತಪ್ಪೇನಿಲ್ಲ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಆದ ರಸ್ತೆಯಾದರೆ ಅದರ ಆರಂಭದಲ್ಲಿ ಫಲಕವೊಂದು ಇರಬೇಕು. ಅದರಲ್ಲಿ ರಸ್ತೆಯ ಹೆಸರು, ಉದ್ದ, ವೆಚ್ಚ, ಕೆಲಸ ಮುಗಿದ ದಿನಾಂಕಗಳ ವಿವರ ಸಿಗುತ್ತದೆ. ಈ ಯೋಜನೆಯ ರಸ್ತೆಗಳನ್ನು ಕೆಲಸ ಮುಗಿದ ಮೇಲೆ 5 ವರ್ಷ ಕಾಲ ಗುತ್ತಿಗೆದಾರರೇ ನಿರ್ವಹಿಸಬೇಕು ಎಂಬುದು ಗುತ್ತಿಗೆಯ ಷರತ್ತು. ಹಾಗಾಗಿ ಫಲಕದ ಚಿತ್ರ ಗುಂಡಿಯ ಚಿತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈ ರಸ್ತೆಗಳಿಗೆಂದೇ ‘ಮೇರಿ ಸಡಕ್’ ಎಂಬ ಆ್ಯಪ್ ಕೂಡ ಇದೆ.

ಪಟ್ಟಣಗಳಲ್ಲಿ ತೊಡಕು ಇನ್ನೊಂದು ಬಗೆಯದು. ಮಡಿಕೇರಿಯಲ್ಲಿ ನಗರಸಭೆ, ಕುಶಾಲನಗರ ಮತ್ತು ವಿರಾಜಪೇಟೆಯಲ್ಲಿ ಪುರಸಭೆ, ಸೋಮವಾರಪೇಟೆಯಲ್ಲಿ ಪಟ್ಟಣ ಪಂಚಾಯಿತಿ ಇವೆ; ಆದರೆ ಪಟ್ಟಣದ ನಡುವೆ ಹಾದುಹೋಗುವ ಮುಖ್ಯ ರಸ್ತೆ ಬೇರೆ ಇಲಾಖೆಯದಾಗಿರಬಹುದು, ಅದರ ಪಕ್ಕದ ಚರಂಡಿ ಮತ್ತು ಬೀದಿದೀಪ ಸ್ಥಳೀಯ ಸಂಸ್ಥೆಯದಾಗಿರಬಹುದು, ಕುಡಿಯುವ ನೀರಿನ ಪೈಪ್ ಹಾಕಲು ಅಗೆದವರು ಮೂರನೆಯವರಾಗಿರಬಹುದು. ಇಂಥ ಕಡೆ ಒಂದೇ ದೂರಿನಲ್ಲಿ ಎಲ್ಲವನ್ನೂ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ರಸ್ತೆಗೆ ಒಂದು, ಚರಂಡಿಗೆ ಒಂದು ಎಂದು ಬೇರೆ ಬೇರೆ ದೂರು ಕೊಟ್ಟು, ಪ್ರತಿಯೊಂದರಲ್ಲೂ ಇನ್ನೊಂದರ ಸಂಖ್ಯೆಯನ್ನು ನಮೂದಿಸುವುದೇ ದಾರಿ.

ನಮ್ಮ ಜಿಲ್ಲೆಯಲ್ಲಿ ಇನ್ನೆರಡು ಪರೀಕ್ಷೆಗಳು ಬೇಕು. ತೋಟಗಳ ನಡುವೆ ಹೋಗುವ ಎಷ್ಟೋ ದಾರಿಗಳು ಎಲ್ಲರೂ ಬಳಸುತ್ತಿದ್ದರೂ ಖಾಸಗಿ ಜಾಗದಲ್ಲಿರುತ್ತವೆ. ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಸೇರದ ರಸ್ತೆಗೆ ಹಣ ಹಾಕಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಪ್ಪಲಾರರು. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಗ್ರಾಮ, ಹೋಬಳಿ ಮತ್ತು ಸರ್ವೆ ನಂಬರ್ ತಿಳಿಯುತ್ತದೆ; ಅದನ್ನು ಇಟ್ಟುಕೊಂಡು ಜಾಗ ಪೈಸಾರಿಯೋ (ಸರ್ಕಾರಿ ಜಾಗವೋ), ಖಾಸಗಿಯೋ, ನಕಾಶೆಯಲ್ಲಿ ರಸ್ತೆ ಇದೆಯೋ ಎಂದು ಕಂದಾಯ ದಾಖಲೆಗಳಲ್ಲಿ ನೋಡಬಹುದು. ಎರಡನೆಯದು ಅರಣ್ಯ: ರಸ್ತೆ ಮೀಸಲು ಅರಣ್ಯದ ಒಳಗಿದ್ದರೆ, ಆದಿವಾಸಿಗಳ ಹಾಡಿಗಳಿಗೆ ಹೋಗುವ ದಾರಿಗಳು ಅನೇಕ ಸಲ ಹೀಗೆಯೇ ಇರುತ್ತವೆ, ಕೆಲಸ ಮಾಡುವ ಇಲಾಖೆ ಮತ್ತು ಅನುಮತಿ ಕೊಡಬೇಕಾದ ಇಲಾಖೆ ಬೇರೆಯಾಗುತ್ತವೆ. ಆಗ ಅನುಮತಿಯ ಪತ್ರ ಯಾವ ಹಂತದಲ್ಲಿದೆ ಎಂದು ಕೇಳುವುದೇ ದೂರಿನ ತಿರುಳಾಗಬೇಕು.

ಪೊನ್ನಂಪೇಟೆ ಮತ್ತು ಕುಶಾಲನಗರ ಹೊಸ ತಾಲ್ಲೂಕುಗಳಾದ ಮೇಲೆ ಬಹಳ ಊರುಗಳ ತಾಲ್ಲೂಕು ಬದಲಾಗಿದೆ. ಆಧಾರ್ ಕಾರ್ಡಿನಲ್ಲಿ ವಿರಾಜಪೇಟೆ ಅಥವಾ ಸೋಮವಾರಪೇಟೆ ಎಂದು ಇದ್ದರೂ ಸಮಸ್ಯೆ ಇರುವ ಜಾಗದ ಈಗಿನ ತಾಲ್ಲೂಕನ್ನೇ ಆರಿಸಬೇಕು.

ಚಿತ್ರವೂ ಜಾಗವೂ

ಮೂರು ಚಿತ್ರಗಳು ಸಾಕು. ಒಂದು ದೂರದಿಂದ, ಅಂಗಡಿ, ಶಾಲೆ, ಬಸ್ ತಂಗುದಾಣದಂಥ ಗುರುತು ಸಿಗುವ ವಸ್ತುವೊಂದರ ಜತೆಗೆ. ಒಂದು ಹತ್ತಿರದಿಂದ, ಅಳತೆ ತಿಳಿಯುವಂತೆ ಪಕ್ಕದಲ್ಲಿ ಛತ್ರಿಯನ್ನೋ ಕೋಲನ್ನೋ ಇಟ್ಟು. ಇನ್ನೊಂದು ಕಾರಣವನ್ನು ತೋರಿಸುವಂತೆ, ಅಂದರೆ ಮುಚ್ಚಿದ ಮೋರಿಯ ಬಾಯಿ ಅಥವಾ ಒಡೆದ ಪೈಪ್. ಮೊಬೈಲ್ ಕ್ಯಾಮೆರಾದ ಸ್ಥಳದ ಗುರುತನ್ನು ಚಾಲೂ ಮಾಡಿಟ್ಟುಕೊಂಡರೆ ಚಿತ್ರದೊಳಗೇ ಅಕ್ಷಾಂಶ, ರೇಖಾಂಶ ಸೇರಿಕೊಳ್ಳುತ್ತವೆ. ಬಿರುನಾಣಿಯ ಕಡೆಯಾಗಲಿ ಗಾಳಿಬೀಡಿನ ಆಚೆಯಾಗಲಿ ನೆಟ್‌ವರ್ಕ್ ಸಿಗದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಏಕೆಂದರೆ ಅದಕ್ಕೆ ಟವರ್ ಬೇಕಿಲ್ಲ, ತೆರೆದ ಆಕಾಶ ಸಾಕು. ಚಿತ್ರ ತೆಗೆದು, ಪೇಟೆಗೆ ಬಂದಾಗ ದೂರು ಸಲ್ಲಿಸಬಹುದು. ಒಂದು ಎಚ್ಚರ: ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬಂದದ್ದನ್ನು ಲಗತ್ತಿಸಬೇಡಿ, ಅಲ್ಲಿ ಚಿತ್ರ ಕುಗ್ಗುವುದರ ಜತೆಗೆ ಸ್ಥಳದ ವಿವರವೂ ಅಳಿಸಿಹೋಗಿರುತ್ತದೆ. ತೆಗೆದವರ ಮೊಬೈಲ್‌ನಲ್ಲಿರುವ ಮೂಲ ಚಿತ್ರವೇ ಬೇಕು.

ಅಕ್ಷಾಂಶ, ರೇಖಾಂಶವನ್ನು ದೂರಿನ ಬರಹದಲ್ಲೂ ಕೊಡಿ. ಗೂಗಲ್ ನಕ್ಷೆಯಲ್ಲಿ ಆ ಜಾಗವನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆಗಳು ಸಿಗುತ್ತವೆ. ಕೊಡಗಿನಲ್ಲಿ ಮೊದಲನೆಯದು 12ರಿಂದ, ಕುಟ್ಟದಂಥ ದಕ್ಷಿಣದ ಅಂಚಿನಲ್ಲಿ 11ರಿಂದ ಆರಂಭವಾಗಬೇಕು. ಎರಡನೆಯದು 75 ಅಥವಾ 76ರಿಂದ. ಹಾಗಿಲ್ಲದಿದ್ದರೆ ಎಲ್ಲೋ ಅಂಕಿ ಅದಲುಬದಲಾಗಿದೆ ಎಂದು ತಿಳಿಯಬೇಕು.

ಚಿತ್ರದಲ್ಲಿ ಯಾರ ಮುಖವೂ ವಾಹನದ ಸಂಖ್ಯೆಯೂ ಬರದಂತೆ ನೋಡಿಕೊಳ್ಳಿ. ಜಾರುತ್ತಿರುವ ಬರೆಯ ಕೆಳಗೆ, ತುಂಡಾದ ತಂತಿಯ ಬಳಿ ನಿಂತು ಚಿತ್ರ ತೆಗೆಯುವ ಸಾಹಸ ಬೇಡವೇ ಬೇಡ. ತಿತಿಮತಿ, ಸಿದ್ದಾಪುರ, ಬಾಳೆಲೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ, ಆದರೂ ಹೊರಗಿನಿಂದ ಬಂದು ನೆಲೆಸಿದವರಿಗಾಗಿ ಬರೆಯುತ್ತೇನೆ: ಮುಸ್ಸಂಜೆಯಲ್ಲೂ ನಸುಕಿನಲ್ಲೂ ಆನೆ ದಾಟುವ ರಸ್ತೆಯಲ್ಲಿ ಗುಂಡಿ ಅಳೆಯುತ್ತ ನಿಲ್ಲಬಾರದು.

ಎಲ್ಲಿ ಸಲ್ಲಿಸಬೇಕು, ಹೇಗೆ ಬರೆಯಬೇಕು

ರಾಜ್ಯ ಸರ್ಕಾರದ ಯಾವುದೇ ಇಲಾಖೆಯ ವಿಷಯವಾದರೂ ಸಮಗ್ರ ಸಾರ್ವಜನಿಕ ಕುಂದುಕೊರತೆ ನಿವಾರಣಾ ವ್ಯವಸ್ಥೆಯಲ್ಲಿ, ಅಂದರೆ ಜನಸ್ಪಂದನದಲ್ಲಿ, ದೂರು ದಾಖಲಿಸಬಹುದು. ಜಾಲತಾಣದಲ್ಲಿ ಮೊಬೈಲ್ ಸಂಖ್ಯೆಗೆ ಬರುವ ಒಟಿಪಿ ನೀಡಿ ಒಳಹೊಕ್ಕು, ಇಲಾಖೆ, ಜಿಲ್ಲೆ, ತಾಲ್ಲೂಕು ಆರಿಸಿ, ವಿವರ ಬರೆದು, ಚಿತ್ರ ಲಗತ್ತಿಸಬೇಕು. ಬರೆಯಲು ಕಷ್ಟವಾಗುವ ಹಿರಿಯರು 1902ಕ್ಕೆ ಕರೆ ಮಾಡಿ ಬಾಯಿಮಾತಿನಲ್ಲೇ ದೂರು ದಾಖಲಿಸಬಹುದು. ಪಟ್ಟಣದ ಕಸ, ಚರಂಡಿ, ಬೀದಿದೀಪ, ನೀರಿನ ವಿಷಯಕ್ಕೆ ಪೌರಾಡಳಿತದ ‘ಜನಹಿತ’ ಆ್ಯಪ್ ಇದೆ. ರಾಷ್ಟ್ರೀಯ ಹೆದ್ದಾರಿಗೆ 1033 ಸಹಾಯವಾಣಿಯೂ, ಸ್ಥಳದ ಗುರುತಿರುವ ಚಿತ್ರದೊಂದಿಗೆ ದೂರು ಕೊಡಬಹುದಾದ ‘ರಾಜಮಾರ್ಗ ಯಾತ್ರಾ’ ಆ್ಯಪ್ ಕೂಡ ಇವೆ. ಅಂಚೆ, ದೂರಸಂಪರ್ಕ, ಹೆದ್ದಾರಿಯಂಥ ಕೇಂದ್ರದ ವಿಷಯಗಳಿಗೆ ಸಿಪಿಗ್ರಾಮ್ಸ್ ಎಂಬ ಕೇಂದ್ರ ಸರ್ಕಾರದ ಕುಂದುಕೊರತೆ ತಾಣ. 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಲ್ಲಿ 21 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು, ಉತ್ತರ ಸಮಾಧಾನ ತರದಿದ್ದರೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ರಾಜ್ಯದ ವಿಷಯವನ್ನು ಸಿಪಿಗ್ರಾಮ್ಸ್‌ನಲ್ಲಿ ಹಾಕಿದರೂ ಅದು ಸುತ್ತಿ ಬೆಂಗಳೂರಿಗೇ ಬರುತ್ತದೆ. ದಿನ ಕಳೆಯುವುದಷ್ಟೇ ಲಾಭ.

ವಿದ್ಯುತ್ತಿನ ವಿಷಯ ಬೇರೆ. ಕೊಡಗು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಗೆ ಬರುತ್ತದೆ, ಸಹಾಯವಾಣಿ 1912. ಕರೆ ಮಾಡುವಾಗ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ, ಸಾಧ್ಯವಾದರೆ ಕಂಬದ ಅಥವಾ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಮೇಲೆ ಬರೆದಿರುವ ಸಂಖ್ಯೆಯನ್ನು ಹೇಳಿ, ದೂರಿನ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಲೈನ್‌ಮ್ಯಾನ್ ಒಬ್ಬರೇ ಹಲವು ಊರುಗಳ ಹೊಣೆ ಹೊತ್ತು ಕೊಚ್ಚೆಯಲ್ಲಿ ಅಲೆಯುತ್ತಿರುತ್ತಾರೆ. ಅವರ ಮೊಬೈಲ್‌ಗೆ ನೂರು ಕರೆ ಮಾಡುವುದಕ್ಕಿಂತ, ಪ್ರತಿ ವರ್ಷ ಅದೇ ಜಾಗದಲ್ಲಿ ತಂತಿ ತುಂಡಾಗುತ್ತದೆ ಎಂಬುದನ್ನು ಹಿಂದಿನ ದೂರುಗಳ ಸಂಖ್ಯೆಗಳೊಂದಿಗೆ ಬೇಸಿಗೆಯಲ್ಲೇ ಬರೆದುಕೊಡುವುದು ಹೆಚ್ಚು ಫಲ ಕೊಡುತ್ತದೆ. ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅದರಾಚೆ ವಿದ್ಯುತ್ ಒಂಬುಡ್ಸ್‌ಮನ್‌ಗೆ ಹೋಗಬಹುದು.

ದೂರಿನ ಭಾಷೆ ಸರಳವಾಗಿರಲಿ. ಕೋಪ, ವ್ಯಂಗ್ಯ, ‘ಹತ್ತಾರು ವರ್ಷಗಳಿಂದ ನಿರ್ಲಕ್ಷ್ಯ’ ಎಂಬಂಥ ಮಾತುಗಳು ಓದುವ ಗುಮಾಸ್ತರಿಗೆ ಏನನ್ನೂ ಹೇಳುವುದಿಲ್ಲ. ಇಂಥ ಗುತ್ತಿಗೆದಾರ ಹಣ ತಿಂದಿದ್ದಾನೆ ಎಂದು ಆಧಾರವಿಲ್ಲದೆ ಬರೆದರೆ ದೂರಿನ ದಿಕ್ಕು ನಿಮ್ಮ ಕಡೆಗೇ ತಿರುಗಬಹುದು. ಎಲ್ಲಿ, ಏನು, ಅದರಿಂದ ಏನಾಗುತ್ತಿದೆ, ಏನು ಮಾಡಬೇಕು, ಯಾವಾಗಿನೊಳಗೆ — ಈ ಐದಕ್ಕೆ ಉತ್ತರ ಇದ್ದರೆ ಸಾಕು. ನಾನು ಎರಡನೆಯ ಸಲ ಬರೆದ ದೂರು ಹೆಚ್ಚುಕಡಿಮೆ ಹೀಗಿತ್ತು:

“ಮಾನ್ಯರೇ, ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಜಿಲ್ಲಾ ಮುಖ್ಯ ರಸ್ತೆಯಲ್ಲಿ, ಸರ್ಕಾರಿ ಪ್ರಾಥಮಿಕ ಶಾಲೆ ದಾಟಿ ಸುಮಾರು 200 ಮೀಟರ್ ದೂರದಲ್ಲಿ, ರಸ್ತೆಗೆ ಅಡ್ಡಲಾಗಿರುವ ಮೋರಿಯ ಮೇಲ್ಬದಿಯ ಬಾಯಿ ಮಣ್ಣು ಮತ್ತು ಕೊಂಬೆಗಳಿಂದ ಪೂರ್ತಿಯಾಗಿ ಮುಚ್ಚಿದೆ. ಕಳೆದ ಮಳೆಗಾಲದಲ್ಲಿ ನೀರು ರಸ್ತೆಯ ಮೇಲೆ ಹರಿದು ಕೆಳಬದಿಯ ಅಂಚನ್ನು ಸುಮಾರು 3 ಮೀಟರ್ ಉದ್ದಕ್ಕೆ ಕೊರೆದಿದೆ. ಈ ದಾರಿಯಲ್ಲಿ ದಿನವೂ ಶಾಲಾ ವಾಹನ ಮತ್ತು ಬಸ್ ಸಂಚರಿಸುತ್ತವೆ. ಮೇ ತಿಂಗಳು ಮುಗಿಯುವುದರೊಳಗೆ ಮೋರಿಯನ್ನು ಬಿಡಿಸಿ, ಕೊರೆದ ಅಂಚಿಗೆ ಕಲ್ಲು ಕಟ್ಟಿ ಭದ್ರಪಡಿಸಬೇಕೆಂದು ಕೋರುತ್ತೇನೆ. ಸ್ಥಳದ ಅಕ್ಷಾಂಶ, ರೇಖಾಂಶ ಮತ್ತು ಮಾರ್ಚ್ 4ರಂದು ತೆಗೆದ 3 ಚಿತ್ರಗಳನ್ನು ಲಗತ್ತಿಸಿದ್ದೇನೆ.”

ಮಾರ್ಚ್ ಎಂಬ ಮಾತು ಮುಖ್ಯ. ಜೂನ್ ಬಂದ ಮೇಲೆ ಡಾಂಬರು ಹಾಕಲಾಗುವುದಿಲ್ಲ, ಕಲ್ಲು ಕಟ್ಟಲಾಗುವುದಿಲ್ಲ; ಆಗ ಸಿಗುವುದು ಮರಳಿನ ಚೀಲ ಮತ್ತು ಕೆಂಪು ರಿಬ್ಬನ್ ಮಾತ್ರ. ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಕೊಡಗಿನಲ್ಲಿ ದೂರು ಕೊಡುವ ಕಾಲ. ಮಳೆಯಲ್ಲಿ ಚಿತ್ರ ತೆಗೆದಿಟ್ಟುಕೊಂಡು, ಬಿಸಿಲಿನಲ್ಲಿ ಮತ್ತೊಂದು ತೆಗೆದು, ಎರಡನ್ನೂ ಸೇರಿಸಿ ಕೊಟ್ಟರೆ ಇಂಜಿನಿಯರ್‌ಗೆ ಸ್ಥಳ ನೋಡುವ ಮೊದಲೇ ವಿಷಯ ಅರ್ಥವಾಗುತ್ತದೆ.

ಸಂಖ್ಯೆ ಸಿಕ್ಕ ಮೇಲೆ

ಹೆಚ್ಚಿನವರು ನಿಲ್ಲಿಸುವುದು ಇಲ್ಲಿಯೇ. ಒಂದು ನೋಟ್‌ಬುಕ್ ಇಡಿ: ದೂರಿನ ಸಂಖ್ಯೆ, ದಿನಾಂಕ, ಇಲಾಖೆ, ಬಂದ ಉತ್ತರ, ಮುಂದೆ ನೋಡಬೇಕಾದ ದಿನ. ನಮ್ಮ ದೂರುಗಳು ನಕ್ಷೆಯ ಮೇಲೆ ಊರಿನವರಿಗೆಲ್ಲ ಕಾಣುವಂಥವಲ್ಲವಾದ್ದರಿಂದ ಆ ಸಂಖ್ಯೆಯನ್ನು ನಾವೇ ಬಹಿರಂಗಪಡಿಸಬೇಕು. ವಾಟ್ಸ್‌ಆ್ಯಪ್ ಗುಂಪು ನಿಜವಾಗಿ ಉಪಯೋಗಕ್ಕೆ ಬರುವುದು ಇದಕ್ಕೆ. ಸಂಖ್ಯೆಯನ್ನು ಅಲ್ಲಿ ಹಾಕಿದರೆ ಅದೇ ಜಾಗದ ಬಗ್ಗೆ ಇನ್ನೂ ನಾಲ್ಕು ಮನೆಯವರು ತಮ್ಮ ಹೆಸರಿನಲ್ಲಿ ದೂರು ಕೊಡಬಹುದು, ಪಂಚಾಯಿತಿ ಸದಸ್ಯರೂ ಅದನ್ನು ಹಿಡಿದು ಮಾತನಾಡಬಹುದು.

ಕೆಲಸವಾಗದೆ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಮುಕ್ತಾಯವಾದರೆ ಅದೇ ದಿನ ಸ್ಥಳದ ಹೊಸ ಚಿತ್ರ ತೆಗೆದು, ಅಸಮಾಧಾನವನ್ನು ದಾಖಲಿಸಿ, ಹಳೆಯ ಸಂಖ್ಯೆಯನ್ನು ನಮೂದಿಸಿ ಮತ್ತೆ ದೂರು ಕೊಡಿ. ‘ಅನುದಾನ ಬಂದ ಮೇಲೆ ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂದರೆ ಬೇಸರ ಬೇಡ. ಕೆಲಸ ಬೇಕಿದೆ ಎಂದು ಇಲಾಖೆ ಬರಹದಲ್ಲಿ ಒಪ್ಪಿಕೊಂಡಿದೆ ಎಂದೇ ಅದರ ಅರ್ಥ. ಅದನ್ನು ಮುದ್ರಿಸಿಕೊಂಡು ಗ್ರಾಮಸಭೆಗೆ ಹೋಗಬೇಕು. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೆ ಕೆಲಸಗಳನ್ನು ಸೇರಿಸುವ ಪ್ರಕ್ರಿಯೆ ಅಕ್ಟೋಬರ್ 2ರಿಂದ ಆರಂಭವಾಗುತ್ತದೆ. ನಮ್ಮ ಕಡೆ ಅದು ಮಳೆ ಬಿಡುವ, ಕಾವೇರಿ ಸಂಕ್ರಮಣದ ಹೊತ್ತಿಗೆ ಬರುವುದರಿಂದ ಹಾಳಾದ ರಸ್ತೆ ಎಲ್ಲರ ಕಣ್ಣ ಮುಂದೆಯೇ ಇರುತ್ತದೆ. ಸಭೆಯಲ್ಲಿ ಹೇಳಿದ್ದು ನಡಾವಳಿಯಲ್ಲಿ ಬರೆಯಲ್ಪಟ್ಟಿತೇ ಎಂದು ನೋಡಿ, ಬರೆಸಿ, ಆಮೇಲೆ ಮನೆಗೆ ಹೋಗಬೇಕು. ಹಿಂದಿನ ಯೋಜನೆಗಳಲ್ಲಿ ಏನು ಸೇರಿತ್ತು, ಎಷ್ಟು ಖರ್ಚಾಯಿತು ಎಂಬುದನ್ನು ‘ಇ-ಗ್ರಾಮ ಸ್ವರಾಜ್’ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ರಾಜ್ಯದ ಗ್ರಾಮೀಣ ಕಾಮಗಾರಿಗಳ ವಿವರ, ಚಿತ್ರಗಳಿಗಾಗಿ ‘ಗಾಂಧಿ ಸಾಕ್ಷಿ ಕಾಯಕ’ ಇದೆ. ಅಲ್ಲಿ ಮುಗಿದಿದೆ ಎಂದು ತೋರಿಸಿದ ಚರಂಡಿ ಊರಿನಲ್ಲಿ ಇಲ್ಲದಿದ್ದರೆ, ನಿಮ್ಮ ದೂರಿಗೆ ಅದಕ್ಕಿಂತ ಒಳ್ಳೆಯ ಲಗತ್ತು ಬೇಕಿಲ್ಲ.

ಉತ್ತರವೇ ಬಾರದಿದ್ದಾಗ, ಅಥವಾ ಹೊಸ ರಸ್ತೆ ಒಂದೇ ಮಳೆಗೆ ಎದ್ದುಹೋದಾಗ, ಮಾಹಿತಿ ಹಕ್ಕು ಕಾಯ್ದೆ, 2005ರ ಅರ್ಜಿ ಹಾಕಬೇಕು. ರಾಜ್ಯದ ಆನ್‌ಲೈನ್ ಮಾಹಿತಿ ಹಕ್ಕು ತಾಣದಲ್ಲೇ 10 ರೂಪಾಯಿ ಶುಲ್ಕ ಕಟ್ಟಿ ಸಲ್ಲಿಸಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದಗಳನ್ನು ಮೀರಬಾರದು. ಇದನ್ನು ತಿಳಿಯದೆ ಪುಟಗಟ್ಟಲೆ ಬರೆದು ಅರ್ಜಿ ತಿರಸ್ಕೃತವಾದವರನ್ನು ನಾನು ಕಂಡಿದ್ದೇನೆ. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ದಾಖಲೆಯನ್ನು ಕೇಳಿ: ಇಂಥ ರಸ್ತೆ ಕಾಮಗಾರಿಯ ಕಾರ್ಯಾದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ, ಇಂಥ ಸಂಖ್ಯೆಯ ದೂರಿನ ಮೇಲೆ ಕಡತದಲ್ಲಿ ಬರೆದಿರುವ ಟಿಪ್ಪಣಿಯ ಪ್ರತಿ. ದೋಷ ಹೊಣೆಗಾರಿಕೆಯ ಅವಧಿಯೊಳಗೆ ರಸ್ತೆ ಕೆಟ್ಟಿದ್ದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಅಲ್ಲಿ ‘ಅನುದಾನ ಇಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ 5 ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಕರ್ತವ್ಯ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅಪೂರ್ಣವಾಗಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದರ ಮೇಲೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಆಯೋಗಕ್ಕಿದೆ.

ಲೋಕಾಯುಕ್ತದ ಬಾಗಿಲು ಕೂಡ ತೆರೆದಿದೆ, ಆದರೆ ಅಲ್ಲಿಗೆ ನಿಗದಿತ ನಮೂನೆಯ ದೂರಿನ ಜತೆಗೆ ಪ್ರಮಾಣಪತ್ರವೂ (ಅಫಿಡವಿಟ್) ಬೇಕು. ಮೇಲೆ ಹೇಳಿದ ದಾಖಲೆಗಳೆಲ್ಲ ಕೈಗೆ ಬಂದ ನಂತರವೇ ಆ ಹೆಜ್ಜೆ ಇಡುವುದು ಸರಿ. ಒಂದು ಬೀದಿದೀಪಕ್ಕಾಗಿ ಅಷ್ಟು ದೂರ ಹೋಗುವುದು ಅತಿಯಾಯಿತು.

ಕೆಲಸ ಆದರೆ ಅದನ್ನೂ ದಾಖಲಿಸಬೇಕು. ಅದೇ ಜಾಗದಲ್ಲಿ, ಅದೇ ಕೋನದಿಂದ ಚಿತ್ರ ತೆಗೆದು, ದೂರಿನ ಪ್ರತಿಕ್ರಿಯೆಯ ಜಾಗದಲ್ಲಿ ಕೆಲಸ ಆಗಿದೆ ಎಂದು ಬರೆದು, ಸ್ಥಳಕ್ಕೆ ಬಂದ ಇಂಜಿನಿಯರ್‌ಗೆ ಒಂದು ಮಾತು ಹೇಳಿದರೆ ಮುಂದಿನ ಸಲ ಅವರು ನಮ್ಮ ದೂರನ್ನು ತೆರೆದು ಓದುತ್ತಾರೆ; ಆ ಚಿತ್ರ ಮುಂದಿನ ಮಳೆಗಾಲದ ನಂತರ ಹೋಲಿಸಿ ನೋಡಲೂ ಬೇಕಾಗುತ್ತದೆ.

ನಮ್ಮ ತಿರುವಿನ ಮೋರಿಯ ಬಾಯಿಯನ್ನು ಮೇ ತಿಂಗಳ ಮೂರನೆಯ ವಾರದಲ್ಲಿ ಇಬ್ಬರು ಕೆಲಸಗಾರರು ಬಂದು ಅರ್ಧ ದಿನದಲ್ಲಿ ಬಿಡಿಸಿದರು. ಆ ವರ್ಷ ನೀರು ರಸ್ತೆಗೆ ಬರಲಿಲ್ಲ, ಗುಂಡಿಯೂ ಬೀಳಲಿಲ್ಲ. ಕೆಳಬದಿಯ ಅಂಚಿಗೆ ಕಲ್ಲು ಕಟ್ಟುವ ಕೆಲಸ ಇನ್ನೂ ಬಾಕಿ ಇದೆ; ಅದರ ದೂರಿನ ಸಂಖ್ಯೆ ನನ್ನ ನೋಟ್‌ಬುಕ್‌ನ ಆರನೆಯ ಸಾಲಿನಲ್ಲಿದೆ, ಮುಂದೆ ನೋಡಬೇಕಾದ ದಿನ ಎಂಬ ಕಡೆ ಗ್ರಾಮಸಭೆಯ ದಿನಾಂಕ ಬರೆದಿಟ್ಟಿದ್ದೇನೆ.